ಬಂಗಲೆಯ ಪಡಸಾಲೆಯಲ್ಲಿ ಕೂತ ಹಾಡುಗಾರ

ಯಾವ ವರ್ಷ ಎಂದು ಕೇಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ, ಎಲ್ಲವೂ ತಪ್ಪಿರಬಹುದು. ನಿಜಾಮರ ಆಳ್ವಿಕೆಯ ಕಾಲ ಎಂಬುದಷ್ಟೇ ಖಾತ್ರಿ. ಬೀದರಿನಲ್ಲಿ ಜಿಲ್ಲೆಯ ದೊಡ್ಡ ಅಧಿಕಾರಿ, ಅಂದರೆ ತಾಲ್ಲೂಕದಾರರು, ಹೊಸ ಮನೆಗೆ ಹೋದ ಮೇಲೆ ಅವರ ಹಳೆಯ ಬಂಗಲೆಯನ್ನು ಹಾಡು, ನಾಟಕ, ಬಿದ್ರಿ ಸಾಮಾನಿನ ಪ್ರದರ್ಶನಕ್ಕೆಂದು ಊರವರಿಗೆ ಬಿಟ್ಟುಕೊಟ್ಟರು. ನಾನಾಗ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಭಾಲ್ಕಿಯಲ್ಲಿ ಮಾಸ್ತರನಾಗಿದ್ದೆ.

ಮೊದಲ ದಿನ ಹಾಡಲು ಔರಾದದ ನನ್ನ ಸೋದರಮಾವನನ್ನೂ ಕರೆದಿದ್ದರು. ಹೊಲದ ತಕರಾರಿನ ಅರ್ಜಿ ಹಿಡಿದು ಅದೇ ಬಂಗಲೆಗೆ ಎಷ್ಟೋ ಸಲ ಅಲೆದವನು ಅವನು.

"ಒಂದ್ಸಲ ಅದರೊಳಗ ನಿಂತು ಹಾಡಬೇಕೋ ಅಳಿಯಾ. ಆಮ್ಯಾಲ ಗಂಟಲು ಹೋದ್ರೂ ಹೋಗ್ಲಿ" ಎಂದು ಗಾಡಿಯಲ್ಲಿ ದಾರಿಯುದ್ದಕ್ಕೂ ಹೇಳಿದ.

ಬಂದವನು ಗೇಟಿನಲ್ಲೇ ಚಪ್ಪಲಿ ಬಿಟ್ಟು, ಪಕ್ಕದ ಪಡಸಾಲೆಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಹಾಡು ಕೇಳಲು ಹಳ್ಳಿಗಳಿಂದ ಬಂದವರೆಲ್ಲ ಅಲ್ಲೇ ಕೂತಿದ್ದರು. ಅರ್ಜಿದಾರರ ಹಳೆಯ ರಿವಾಜು ಅದು: ಜವಾನ ಊರಿನ ಹೆಸರು ಕೂಗುವ ತನಕ ಏಳುವಂತಿಲ್ಲ. ಒಳಗೆ ಜಮಖಾನ ಹಾಸಿಕೊಂಡು ತಬಲಾದವನು ಕಾಯುತ್ತಿದ್ದ.

"ಮಾವ, ಈಗ ಇದು ಎಲ್ಲಾರ ಮನಿ. ಏಳ್ರಿ."

"ಬಿ.ಎ. ಆದ ಕೂಡ್ಲೆ ಸಾಹೇಬರ ಬಂಗ್ಲೆ ನಿಮ್ಮಪ್ಪಂದಾಯ್ತೇನು? ಸುಮ್ಮ ಕೂಡು."

ಜೊತೆಗೆ ಬಂದಿದ್ದ ಅವನ ಹೆಂಡತಿ, ನನ್ನ ಅತ್ತೆ, ಬಿಡಲಿಲ್ಲ. "ಎತ್ತಿಗಿ ಎಮ್ಮಿಗಿ ಹಾಡಿ ತೋರ್ಸಾದೇ ಆಯ್ತು ನಿಮ್ಮ ಮಾವಂದು. ಹಂಗೇ ವಾಪಸ್ ಬಂದ್ರ ಗಾಡ್ಯಾಗ ಜಾಗಾ ಕೊಡಾಂಗಿಲ್ಲ ನಾ."

ಬೇರೊಬ್ಬ ಹಾಡುಗಾರನನ್ನು ಕರೆಯುವ ಮಾತು ಒಳಗಿನಿಂದ ಕೇಳಿಸಿತು. ಅಷ್ಟರಲ್ಲಿ ಬಾಗಿಲಿನಿಂದ ಕೂಗು ಬಂತು: "ಔರಾದ!" ಬಂಗಲೆಯಲ್ಲೇ ಉಳಿದಿದ್ದ ಮುದಿ ಜವಾನ ಕೂಗಿದನೆಂದು ನನ್ನ ನೆನಪು. ನಾನೇ ಓಡಿಹೋಗಿ ಕೂಗಿದೆನೆಂದು ಅತ್ತೆ ಕೊನೆಯ ತನಕ ವಾದಿಸಿದಳು. ಇದ್ದರೂ ಇರಬಹುದು. ಮಾವ ಮಾತ್ರ ತಟ್ಟನೆ ಎದ್ದು, ಕೈಮುಗಿದು, ಬಗ್ಗಿಕೊಂಡೇ ಒಳಗೆ ಹೋದ.

ಸಾಹೇಬರ ಕುರ್ಚಿ ಇರಲಿಲ್ಲ. ಜನ ನೆಲದ ಮೇಲೆ ಕೂತಿದ್ದರು. ಮುಗಿದ ಕೈ ಯಾರಿಗೆಂದು ತಿಳಿಯದೆ ಅವನು ತಂಬೂರಿ ತೆಗೆದುಕೊಂಡು ಮೊದಲ ಸಾಲು ಎತ್ತಿದ. ಅದು ಚಾವಣಿಗೆ ಏರಿ, ಅವನಿಗಿಂತ ದೊಡ್ಡ ದನಿಯಾಗಿ ಇಳಿದು ಬಂತು. ಬೆಚ್ಚಿ ನಿಲ್ಲಿಸಿದ. ಸಭೆಗೆ ಸಭೆಯೇ ಮೇಲೆ ನೋಡಿತು. ಆಮೇಲೆ ಒಂದೊಂದು ಸಾಲನ್ನೂ ಹಾಡಿ, ಅದು ಇಳಿಯುವ ತನಕ ಕಾದು, ಮುಂದಿನದನ್ನು ಎತ್ತಿದ. ತಬಲಾದವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡುಬಿಟ್ಟ.

ದನಿ ಹಾಗೆ ಮರಳುವ ಕೋಣೆಯಲ್ಲ ಅದು. ಎಷ್ಟೋ ವರ್ಷಗಳ ಮೇಲೆ ಹೋಗಿ ಚಪ್ಪಾಳೆ ತಟ್ಟಿ ನೋಡಿದ್ದೇನೆ, ಏನೂ ಬರಲಿಲ್ಲ. ಅಂದು ಅದು ಮರಳಿದ್ದಕ್ಕೆ ನನ್ನ ಬಳಿ ಕಾರಣವಿಲ್ಲ. ಬಗ್ಗಿ ಹೋದವನು ಯಾವಾಗ ನೆಟ್ಟಗಾದನೋ ನಾನು ಕಾಣಲಿಲ್ಲ. ಒಂದೇ ಹಾಡೆಂದು ಒಪ್ಪಿದ್ದವನು ನಿಲ್ಲಿಸಲೇ ಇಲ್ಲ. ಮುಂದಿನ ಹಾಡುಗಾರ ತನ್ನ ಸರದಿ ಕೇಳದೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.