ಅರ್ಧ ದಿನದ ಊಟ

ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ನನ್ನ ಯಜಮಾನರು ರುಬ್ಬುವ ಕೆಲಸಕ್ಕಿದ್ದರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಕಾರ್ಗಲ್ಲಿಗೆ ಹೋಗಿಬರುವ ಜನರಿಂದ ಹೋಟೆಲು ಸದಾ ಗಿಜಿಗುಡುತ್ತಿತ್ತು. ಬೆಳಿಗ್ಗೆ ಚಟ್ನಿ, ಮಧ್ಯಾಹ್ನದಿಂದ ದೋಸೆ ಇಡ್ಲಿಯ ಹಿಟ್ಟು. ಆ ಒರಳು ಒಣಗಿದ್ದನ್ನು ನಾನು ನೋಡಿಲ್ಲ. ಸಂಬಳದ ಜೊತೆಗೆ ಎರಡು ಹೊತ್ತಿನ ಊಟವೂ ಅಲ್ಲೇ.

ಇವರಿಗೆ ಕಾಲು ಊದಿಕೊಂಡು, ನಾಲ್ಕು ಹೆಜ್ಜೆಗೇ ಏದುಸಿರು ಬರತೊಡಗಿದಾಗ ಜಗಳ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೃದಯ ಸೋತಿದೆ ಎಂದರು. ರುಬ್ಬುವುದು ಕೂಡದು, ಅರ್ಧ ದಿನಕ್ಕಿಂತ ಹೆಚ್ಚು ದುಡಿಯಕೂಡದು, ಸರಿಯಾಗಿ ಉಣ್ಣಬೇಕು ಎಂದು ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ಹೋಟೆಲಿನ ಧಣಿಗಳ ಮುಂದೆ ನಿಂತೆ. ಅವರು ಓದಿ, ಮರುಮಾತಿಲ್ಲದೆ ಒಪ್ಪಿದರು. ಮಧ್ಯಾಹ್ನದವರೆಗೆ ಕಾಫಿ ಟೀ ನೋಡಿಕೊಂಡರೆ ಸಾಕು, ಊಟ ಎರಡು ಹೊತ್ತೂ ಇದ್ದೇ ಇದೆ ಅಂದರು. ದೇವರಂಥವರು ಎಂದು ಕೈಮುಗಿದು ಬಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಧಣಿಗಳು ಇವರ ಕೆಲಸದ ಹೊತ್ತನ್ನು ಕಡಿಮೆ ಮಾಡಿದರೇ ಹೊರತು ರುಬ್ಬಲು ಬೇರೆ ಆಳನ್ನು ತರಲಿಲ್ಲ. ದೋಸೆ ಹುಯ್ಯುವವರು, ತಟ್ಟೆ ತೊಳೆಯುವವರು ತಮ್ಮ ಕೆಲಸ ಮುಗಿಸಿ ಒರಳಿಗೆ ಕೂರಬೇಕಾಯಿತು. ಯಾರೂ ಇವರಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಕೆಲಸದವರೆಲ್ಲ ಒಟ್ಟಿಗೆ ಎಲೆ ಹಾಕಿಕೊಂಡು ಉಣ್ಣುವುದು ಅಲ್ಲಿನ ಪದ್ಧತಿ. ತಾವು ರುಬ್ಬಬೇಕಿದ್ದ ಹಿಟ್ಟನ್ನು ರುಬ್ಬಿ ಬಂದವರ ಪಕ್ಕದಲ್ಲಿ ಕೂತರೆ ಇವರಿಗೆ ತುತ್ತು ಇಳಿಯುತ್ತಿರಲಿಲ್ಲ. ಮಧ್ಯಾಹ್ನ ಒಮ್ಮೆ ಬಡಿಸಿದ್ದಷ್ಟೇ ಉಂಡು ಏಳುತ್ತಿದ್ದರು. ರಾತ್ರಿ ಊಟಕ್ಕೆ ಹೋಗುವುದನ್ನೇ ಬಿಟ್ಟರು. ಮನೆಯಲ್ಲಿ ಬಡಿಸಿದರೆ ಮಕ್ಕಳ ಪಾಲು ಎಂದು ಎಲೆ ಸರಿಸುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವನು ನನಗೆ ಸಿಕ್ಕಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

ಕೊರಳ ಮೂಳೆ ಎದ್ದು ಕಂಡಾಗ ಗದರಿಸಿ ಕೇಳಿದೆ.

"ಅರ್ಧ ಕೆಲ್ಸಕ್ಕೆ ಅರ್ಧ ಊಟ ಸಾಕು ಕಣೆ," ಅಂದರು.

ಅತ್ತು ಕರೆದೆ, ಕಾಲು ಹಿಡಿದೆ, ಮಕ್ಕಳ ಮೇಲೆ ಆಣೆ ಹಾಕಿದೆ. ಜಗ್ಗಲಿಲ್ಲ. ಮತ್ತೆ ಧಣಿಗಳ ಹತ್ತಿರ ಓಡಿದೆ. ರುಬ್ಬಲು ಒಬ್ಬರನ್ನಿಡಿ, ಆಗ ಇವರು ಉಣ್ಣುತ್ತಾರೆ ಎಂದೆ. ಅವರಿಗೆ ಸಿಟ್ಟೇ ಬಂತು.

"ಡಾಕ್ಟ್ರು ಬರೆದಿದ್ದನ್ನ ಮಾಡಿದೀನಲ್ಲ ಮಾರಾಯ್ತಿ. ಎಲೆ ಹಾಕಿ ಕರೆದ್ರೂ ಬರಲ್ಲ ಅಂದ್ರೆ ನಾನೇನು ತುತ್ತು ಮಾಡಿ ಬಾಯಿಗಿಡ್ಲಾ?"

"ಹಾಗಾದ್ರೆ ನಾನೇ ಬಂದು ರುಬ್ತೀನಿ," ಅಂದೆ.

ಬೇಡ ಎನ್ನುತ್ತಾರೆ, ನಾಚಿಕೆಗಾದರೂ ಒಬ್ಬ ಆಳನ್ನು ತರುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಯೋಚಿಸಿ, ಆಗಲಿ ಅಂದರು.

ಮರುದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಒರಳಿನ ಮುಂದೆ ಕೂತೆ. ಇವರು ಬಂದು ಕೈ ಹಿಡಿದು ಎಬ್ಬಿಸಲು ನೋಡಿದರು. ನೀವು ಹೊಟ್ಟೆ ತುಂಬ ಉಣ್ಣುವವರೆಗೆ ಏಳುವುದಿಲ್ಲ ಎಂದೆ. ಉಂಡರು. ಕಣ್ಣೀರು ಎಲೆಗೆ ಬೀಳುತ್ತಿದ್ದರೂ ತಲೆ ಎತ್ತದೆ ಉಂಡರು. ರಟ್ಟೆ ಬಿದ್ದುಹೋಗುತ್ತಿತ್ತು, ಈ ಮನುಷ್ಯ ಉಳಿದರೆ ಸಾಕು ಎಂದು ದಿನಾ ಮಧ್ಯಾಹ್ನದಿಂದ ಒರಳಿನ ಗುಂಡು ತಿರುಗಿಸಿದೆ. ಆದರೆ ಊಟ ತಡವಾಗಿತ್ತು. ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ಉತ್ತರಕ್ರಿಯೆ ಮುಗಿದ ಮೇಲೆ ಧಣಿಗಳು ಮನೆಗೆ ಬಂದರು. ಅಕ್ಕಿ ತಂದಿದ್ದರು. ನಿಜವಾಗಿಯೂ ಅತ್ತರು, ಸುಳ್ಳು ಹೇಳಲಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಇನ್ನು ನೀನು ಪೂರ್ತಿ ದಿನಾನೇ ಬಾರಮ್ಮ," ಅಂದರು.

ಮಕ್ಕಳು ಆ ಅಕ್ಕಿಯನ್ನೇ ನೋಡುತ್ತಿದ್ದರು. ನಾಳೆಯಿಂದ ಬರುತ್ತೇನೆ ಎಂದೆ.