ಮೂರು ಕವಳದ ದಾರಿ

ನಾನು ಟ್ರೆಕ್ಕಿಂಗ್ ಹೋಗುತ್ತೇನೆಂದು ಆಫೀಸಿನಲ್ಲೆಲ್ಲ ಸುದ್ದಿಯಾಗಿತ್ತು. ‘ಏನ್ ಸಾರ್, ಈ ವಯಸ್ಸಲ್ಲಿ ಗುಡ್ಡ ಹತ್ತೂ ಹುಚ್ಚು?’ ಎಂದು ಒಬ್ಬ ಕೇಳಿದರೆ, ಇನ್ನೊಬ್ಬನಿಗೆ ಯಾವ ಶೂ ತಗೊಂಡಿರಿ ಎಂಬ ಚಿಂತೆ. ಕಾರವಾರದಲ್ಲಿ ಸಮುದ್ರದ ಗಾಳಿಗೆ ಮೈಯೊಡ್ಡಿ ಕೂತವರಿಗೆ ಗುಡ್ಡವೆಂದರೆ ಫೋಟೋ. ನಿಜ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಅಕ್ಕನಿಗೆ ಅರವತ್ತು ದಾಟಿದೆ, ಹೃದಯದ ಕವಾಟ ಸರಿಯಿಲ್ಲ, ಅವಳನ್ನು ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ನಡೆಸಿಕೊಂಡು ಹೋಗಲು ಹೊರಟಿದ್ದೇನೆ ಎಂದರೆ ಇವರು ಏನನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ಮೊದಲ ಕಣಿವೆ ನಮ್ಮದು. ರಾಮನಗುಳಿಯಲ್ಲಿ ಬಸ್ಸಿಳಿದು ಒಳಗೆ ಹಳ್ಳ ದಾಟಿ ಹೋದರೆ ಸಿಗುವ ನಾಲ್ಕೆಂಟು ಮನೆಗಳ ಊರು. ನಾವಿಬ್ಬರೂ ಹುಟ್ಟಿದ್ದು ಅಲ್ಲಿ. ಈಗ ಅಲ್ಲಿ ಚಿಕ್ಕಪ್ಪ ಮತ್ತು ಅವನ ಮಗ ಇದ್ದಾರೆ. ಎರಡನೆಯ ಕಣಿವೆ ಗುಡ್ಡದ ಆಚೆ. ಅಕ್ಕನನ್ನು ಮೊದಲು ಕೊಟ್ಟದ್ದು ಅಲ್ಲಿಗೆ. ಅಲ್ಲಿಯವರೆಗೆ ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಸಾಕಿದ್ದು ಅವಳೇ, ಅವ್ವ ಸದಾ ಗದ್ದೆಯಲ್ಲಿ. ಅಕ್ಕನ ಮೊದಲ ಹೆರಿಗೆ ತವರಲ್ಲೇ ಆಯಿತು, ಹೆಣ್ಣುಮಗು. ಬಾಣಂತನ ಮುಗಿಸಿ ಮಗುವನ್ನು ಎತ್ತಿಕೊಂಡು ಆಚೆ ಮನೆಗೆ ಹೋದಳು. ನಡೆಯಲು ಕಲಿಯುವ ಮೊದಲೇ ಅದು ಜ್ವರ ಬಂದು ತೀರಿಹೋಯಿತು. ಮನೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ಅದಾದ ಮೇಲೆ ಅಕ್ಕ ಅಲ್ಲಿ ನಿಲ್ಲಲಿಲ್ಲ, ಒಂದು ಬೆಳಿಗ್ಗೆ ಒಬ್ಬಳೇ ಗುಡ್ಡ ಹತ್ತಿಳಿದು ತವರಿಗೆ ಬಂದುಬಿಟ್ಟಳು. ಮುಂದೆ ಅಂಕೋಲೆಯ ಮನೆಗೆ ಮತ್ತೆ ಮದುವೆ ಮಾಡಿಕೊಟ್ಟರು. ಭಾವ ಒಳ್ಳೆಯವರಿದ್ದರು, ಗಂಡುಮಕ್ಕಳಾದರು, ಮೊಮ್ಮಕ್ಕಳಾದರು. ಆ ಮಗುವಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಈ ಸಲ ಚಳಿ ಮುಗಿಯುವ ಹೊತ್ತಿಗೆ ಚಿಕ್ಕಪ್ಪ ಪೇಟೆಗೆ ಬಂದವನು ಅಕ್ಕನ ಮನೆ ಹೊಕ್ಕು, ಮಾತಿನ ಮಧ್ಯೆ ಹೇಳಿದನಂತೆ. ಆಚೆ ಕಣಿವೆಯ ಕೊನೆಯ ಮನೆಯವರೂ ಕೆಳಗೆ ಹೈವೇ ಹತ್ತಿರ ಬಂದುಬಿಟ್ಟರು. ಆ ಕಡೆಯ ಹೊಳೆ ದಾಟುವ ಕಾಲುಸಂಕ ನೆರೆಗೆ ಕೊಚ್ಚಿಹೋದದ್ದನ್ನು ಮತ್ತೆ ಯಾರೂ ಹಾಕಿಲ್ಲ. ಉಳಿದದ್ದು ಗುಡ್ಡದ ಮೇಲಿನ ಕಾಲುದಾರಿ. ನಡೆಯುವವರಿಲ್ಲದೆ ಒಂದು ಮಳೆ ಬಿದ್ದರೆ ಅದೂ ಮುಚ್ಚಿಹೋಗುತ್ತದೆ.

ಮುಂದಿನ ಭಾನುವಾರ ನಾನು ಹೋದಾಗ ಅಕ್ಕ ಮೀನು ಹೆಚ್ಚುತ್ತ, ತಲೆಯೆತ್ತದೆ ಅಂದಳು, ‘ತಮಾ, ನಂಗೆ ಒಂದ್ಸಲ ಅಲ್ಲಿಗೆ ಹೋಗೂಕಿತ್ತು. ಮಳೆ ಬೀಳೂದ್ರೊಳಗೆ.’

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ‘ಡಾಕ್ಟರು ಎಂಥಾ ಹೇಳಿದ್ರು ನೆನಪುಂಟಾ ನಿಂಗೆ? ಮೆಟ್ಟಿಲು ಹತ್ತೂದೂ ಬೇಡ ಅಂದಿದ್ರು’ ಎಂದು ರೇಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವಳು ಬಂಗಡೆಯ ತಲೆ ತೆಗೆದು ಬೆಕ್ಕಿಗೆ ಹಾಕಿ, ‘ನಿಂಗಲ್ದೆ ಮತ್ಯಾರಿಗೆ ಹೇಳ್ಲಿ?’ ಅಂದಳು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ಹಾಗೆ ಶುರುವಾಯಿತು ನಮ್ಮ ಯೋಜನೆ. ಮೊಬೈಲಿನ ನಕಾಶೆಯಲ್ಲಿ ಆ ಜಾಗವೆಲ್ಲ ಬರೀ ಹಸಿರು, ದಾರಿಯ ಗೆರೆಯೇ ಇಲ್ಲ. ಚಿಕ್ಕಪ್ಪನಿಗೆ ಫೋನ್ ಹಚ್ಚಿ ಎಷ್ಟು ದೂರ ಎಂದು ಕೇಳಿದೆ. ‘ದೂರ ಎಂಥದೋ, ಮೂರು ಕವಳದ ದಾರಿ’ ಅಂದ. ನಮ್ಮ ಕಡೆ ಹಳಬರು ಗುಡ್ಡದ ದಾರಿ ಅಳೆಯುವುದೇ ಹಾಗೆ. ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ತಂಬಾಕು ಇಟ್ಟು ಬಾಯಿಗೆ ಹಾಕಿಕೊಂಡರೆ ಅದು ಅಗಿದು ಮುಗಿಯುವಷ್ಟರಲ್ಲಿ ನಡೆದದ್ದು ಒಂದು ಕವಳ. ಮುಗಿದಾಗ ಒಂದು ಕಲ್ಲಿನ ಮೇಲೆ ಕೂತು, ದಮ್ಮು ತೆಗೆದು ಇನ್ನೊಂದು ಹಾಕಿಕೊಳ್ಳುತ್ತಾರೆ. ನಾನು ಹುಟ್ಟಿದಾಗಿನಿಂದ ಕೇಳಿದ ಅಳತೆ, ಅನುಮಾನ ಪಡುವುದೇನಿತ್ತು? ಮೂರು ಕವಳವೆಂದರೆ ನಿಧಾನ ನಡೆದರೂ ಬೆಳಗಿನ ತಂಪಲ್ಲಿ ಮುಗಿದುಹೋಗುತ್ತದೆ. ಅಷ್ಟಾದರೆ ಅಕ್ಕನ ಜೀವ ತಡೆಯುತ್ತದೆ ಎಂದು ಲೆಕ್ಕ ಹಾಕಿದೆ.

ಪ್ರತಿ ಭಾನುವಾರ ಅವಳ ಜಗಲಿಯಲ್ಲಿ ಕೂತು ಇದೇ ಮಾತು. ಎಲ್ಲಿ ಕೂರಬೇಕು, ಗುಳಿಗೆ ಯಾವಾಗ ತಗೊಳ್ಳಬೇಕು, ನೀರು ಎಲ್ಲಿ ಸಿಗುತ್ತದೆ. ಅಕ್ಕ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ಬರುವಾಗ ಹೇಗೆ ಎಂದು ನಾನು ತೆಗೆದರೆ ಮಾತ್ರ ‘ಅದೆಲ್ಲ ಆಮೇಲೆ ನೋಡ್ವಾ’ ಅಂತ ಎದ್ದು ಚಾ ಮಾಡಲು ಹೋಗುತ್ತಿದ್ದಳು. ಒಂದು ದಿನ ಅವಳ ಚೀಲದಲ್ಲಿ ಮಡಿಕೆ ಬಿಚ್ಚದ ಹೊಸ ಸೀರೆ ಕಂಡಿತು. ‘ಅಲ್ಲಿ ಯಾರು ನೋಡೂಕಿದಾರೆ, ಮಂಗನಾ?’ ಎಂದು ನಕ್ಕೆ. ಅವಳೂ ನಕ್ಕಳು.

ಅವಳನ್ನು ಕರೆದೊಯ್ಯುವ ಮೊದಲು ದಾರಿ ಸ್ವತಃ ನೋಡಿ ಬರುವುದು ನನ್ನ ಜವಾಬ್ದಾರಿ. ರಜೆ ಹಾಕಿ ಊರಿಗೆ ಹೋದೆ. ಚಿಕ್ಕಪ್ಪನ ಮಗ ಜೊತೆಗೆ ಬಂದ. ಅಳತೆ ಸರಿಯಿರಲೆಂದು, ಅಭ್ಯಾಸವಿಲ್ಲದಿದ್ದರೂ ನಾನೂ ಕವಳ ಹಾಕಿಕೊಂಡೆ. ಮೊದಲನೆಯದು ಒರತೆಯ ಹತ್ತಿರ ಮುಗಿಯಿತು. ಎರಡನೆಯದು ಏರು ಮುಗಿದು ದಾರಿ ಮಟ್ಟವಾಗುವಲ್ಲಿ. ಪರವಾಗಿಲ್ಲ, ಅಕ್ಕನಿಗೆ ಆಗುತ್ತದೆ ಅಂದುಕೊಂಡೆ. ಅಲ್ಲೊಂದು ತೊರೆ. ಚಿಕ್ಕಪ್ಪನ ಮಗ ಚಪ್ಪಲಿ ಕಳಚಿ ಬಾಯಿ ಮುಕ್ಕಳಿಸಿದ, ನನಗೂ ಹಾಗೇ ಮಾಡಲು ಹೇಳಿದ. ಮುಂದೆ ಜಟಕನ ಕಾಡು, ದೇವರ ಕಾಡು, ಬಾಯಲ್ಲಿ ಎಂಜಲು ಇಟ್ಟುಕೊಂಡು ಹೋಗುವ ಹಾಗಿಲ್ಲ, ಕೂರುವ ಹಾಗೂ ಇಲ್ಲ.

ಹೊಕ್ಕೆವು. ನಡೆದೆವು, ನಡೆದೆವು, ಮುಗಿಯಲೊಲ್ಲದು. ಮಧ್ಯೆ ಇಳಿಜಾರು, ಮತ್ತೆ ಏರು, ಬೇರು ಹಿಡಿದು ಹತ್ತುವ ಏರು. ನನ್ನದೇ ಎದೆ ಹೊಡೆದುಕೊಳ್ಳುತ್ತಿತ್ತು. ಹೊರಗೆ ಬಂದಾಗ ಹೊತ್ತು ನೆತ್ತಿ ದಾಟಿತ್ತು. ಆಗ ಅವನು ಸಂಚಿ ಬಿಚ್ಚಿ, ‘ತಗೋ, ಇದು ಮೂರನೇದು. ಇದು ಮುಗಿಯೂದ್ರೊಳಗೆ ಕೆಳಗೆ ಮುಟ್ತೇವೆ’ ಅಂದ. ಮತ್ತೆ ಈ ಕಾಡು ಯಾವ ಲೆಕ್ಕ ಎಂದು ಕೇಳಿದೆ. ‘ಇಲ್ಲಿ ಕವಳ ಹಾಕೂದೇ ಇಲ್ವಲ್ಲ. ಮತ್ತೆ ಎಂಥಾ ಲೆಕ್ಕ?’ ಅಂದ. ಕೆಳಗೆ ಕಣಿವೆಯಲ್ಲಿ ಸೂರು ಕುಸಿದ ಮನೆಗಳು ಕಂಡವು. ಹಲಸಿನ ಮರ ಒಂದಲ್ಲ, ಹತ್ತಾರಿದ್ದವು. ನಾನು ಇಳಿಯಲಿಲ್ಲ.

ತಿರುಗಿ ಬಂದು ಚಿಕ್ಕಪ್ಪನ ಮೇಲೆ ಹಾರಾಡಿದೆ. ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. ‘ನೀ ಕೇಳ್ದೆ, ನಾ ಹೇಳ್ದೆ’ ಅಂದ. ಸುಳ್ಳು ಹೇಳಿರಲಿಲ್ಲ ಪಾಪ.

ಊರಿಂದ ನೇರ ಅಂಕೋಲೆಗೇ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ತಲೆ ಕೆಡಿಸಿಕೊಂಡಿದ್ದೆ. ಅಕ್ಕ ಜಗಲಿಯಲ್ಲಿ ಗೇರುಬೀಜ ಹರಡುತ್ತಿದ್ದಳು. ‘ಅಕ್ಕಾ, ಲೆಕ್ಕ ತಪ್ಪಿತು. ಜಟಕನ ಕಾಡನ್ನ ಯಾರೂ ಸೇರಿಸಿಲ್ಲ’ ಅಂದೆ.

‘ಗೊತ್ತುಂಟು’ ಅಂದಳು.

‘ಗೊತ್ತುಂಟಾ? ಇಷ್ಟು ದಿವಸ ಬಾಯಿ ಮುಚ್ಕಂಡು ಕೂತಿದ್ಯಲ್ಲೇ!’

‘ಹೇಳಿದ್ರೆ ನೀ ಕರ್ಕಂಡು ಹೋಗ್ತಿದ್ಯಾ? ಅದ್ರೊಳಗೆ ನಾ ನಡೆದಿದ್ದೆ ಅಲ್ವಾ ತಮಾ. ನಂಗೆ ಯಾರು ಹೇಳ್ಬೇಕು?’

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅಲ್ಲಿ ನೀನು ಬಿದ್ದರೆ ನಿನ್ನ ಮಕ್ಕಳಿಗೆ ನಾನು ಏನು ಹೇಳಲಿ, ಆ ಕಾಡಿನಿಂದ ನಿನ್ನನ್ನು ಹೊತ್ತು ತರುವವರು ಯಾರು ಎಂದೆಲ್ಲ. ಅಕ್ಕ ಬೀಜ ಹರಡುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ ಮೆಲ್ಲಗೆ, ‘ಹೊತ್ತು ತರೂದು ಎಂಥಕ್ಕೆ? ಅಲ್ಲಿ ಜಾಗ ಇದ್ಯಲ್ಲ’ ಅಂದಳು.

ಚೀಲದಲ್ಲಿದ್ದ ಹೊಸ ಸೀರೆ ಯಾಕೆಂದು ನನಗೆ ಆಗ ತಿಳಿಯಿತು. ಬರುವ ದಾರಿಯ ಮಾತು ಬಂದಾಗೆಲ್ಲ ಅವಳು ಏಕೆ ಎದ್ದುಹೋಗುತ್ತಿದ್ದಳೆಂದೂ ತಿಳಿಯಿತು. ಅವಳ ಪಕ್ಕದಲ್ಲಿ ಕೂತೆ. ‘ವಾಪಸ್ಸು ಬರೂಕೇ ಇಲ್ಲ ಅಂತ ಮಾಡಿದ್ಯಾ?’ ಎಂದು ಕೇಳಿದೆ.

‘ಹಾಗೇನಿಲ್ಲ. ಹೋಗೂದು ಅಂತಷ್ಟೇ ಮಾಡಿದ್ದೆ’ ಅಂದಳು. ಬೀಜಗಳನ್ನು ಬೆರಳಲ್ಲಿ ಸರಿಸುತ್ತ, ‘ಆ ಕಾಡಲ್ಲಿ ಹೋಗುವಾಗ ನಂಗೆ ಎಂದೂ ದೂರ ಅನಿಸ್ಲಿಲ್ಲ ತಮಾ. ತವರಿಂದ ಕೂಸನ್ನ ಎತ್ಕಂಡೇ ಹೋಗಿದ್ದೆ ಅಲ್ವಾ. ಬರುವಾಗ ಕೈ ಖಾಲಿ ಇತ್ತು. ಆ ಬರೂ ದಾರಿ ನಂಗೆ ಇನ್ನೊಂದ್ಸಲ ನಡಿಯೂಕೆ ಆಗೂದಿಲ್ಲ.’

ನಾನು ಅವಳನ್ನು ಕರೆದುಕೊಂಡು ಹೋಗಲಿಲ್ಲ. ಹೋಗುವುದಿಲ್ಲವೆಂದು ಅವತ್ತೇ ಹೇಳಿದೆ. ಅವಳು ಸೀರೆಯನ್ನು ಚೀಲದಿಂದ ತೆಗೆದು ಪೆಟ್ಟಿಗೆಗೆ ಹಾಕಿದಳು. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು, ಮಾಡಲಿಲ್ಲ. ಊಟ ಬಡಿಸಿದಳು. ನಾನು ಮಾಡಿದ್ದು ಸರಿಯೆಂದು ಯಾರನ್ನು ಕೇಳಿದರೂ ಹೇಳುತ್ತಾರೆ, ಅದಕ್ಕೇ ನಾನು ಯಾರನ್ನೂ ಕೇಳಿಲ್ಲ.

ಮೊನ್ನೆ ಮೊದಲ ಮಳೆ ಬಿತ್ತು. ಕಾರವಾರದಲ್ಲಿ ಬಸ್ಸಿಗೆ ಕಾಯುತ್ತ ಅಂಗಡಿಯ ಸೂರಿನಡಿ ನಿಂತಿದ್ದೆ. ಅಕ್ಕನ ಫೋನ್ ಬಂತು. ಅವಳ ಕಡೆಯೂ ಹಂಚಿನ ಮೇಲೆ ಮಳೆಯ ಸದ್ದು.

‘ಇಲ್ಲಿ ಜೋರು ಬಿತ್ತು. ಅಲ್ಲೂ ಬಿದ್ದಿರೂದು ಅಲ್ವಾ ತಮಾ?’ ಅಂದಳು.

‘ಬಿದ್ದಿರ್ತದೆ ಅಕ್ಕಾ’ ಅಂದೆ.

‘ಮಳೆ ಬಂದ್ರೆ ಕೂಸಿಗೆ ಹೆದ್ರಿಕೆ ಆಗ್ತಿತ್ತು’ ಅಂದಳು, ಫೋನ್ ಇಟ್ಟಳು.