ರಾಘೋಪಂತರ ಮನೆಯ ಜೋಕಾಲಿ

ದೆವ್ವ, ಪಿಶಾಚಿ ಎಂದು ಯಾರಾದರೂ ಮಾತು ತೆಗೆದರೆ ಮೊದಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಎದುರಿಗೆ ಇದ್ದದ್ದು ಫೋಟೋದಲ್ಲಿ ಬೀಳುತ್ತದೆ, ಇಲ್ಲದ್ದು ಬೀಳುವುದಿಲ್ಲ. ಅದಕ್ಕಿಂತ ದೊಡ್ಡ ವೇದಾಂತ ನನಗೆ ಬೇಕಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ, ಆದರೆ ಎದ್ದು ಹೋಗುವುದನ್ನು ಬಿಟ್ಟಿದ್ದೇನೆ.

ಜರ್ಮನಿಯ ಯುದ್ಧಕ್ಕೆ ಮುಂಚಿನ ಮಾತು. ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ಫೋಟೋ ಅಂಗಡಿ ಇತ್ತು. ಬೆಳಗಾವಿಯ ಚಿತ್ರದಂಗಡಿಯೊಂದರವರು ವಾಡೆ, ಮಠ, ದೊಡ್ಡ ಮನೆಗಳ ಒಳಭಾಗದ ಫೋಟೋಗಳನ್ನು ನಮ್ಮಂಥವರಿಂದ ಕೊಂಡು ಕೂಡಿಟ್ಟು, ಮುಂಬಯಿ ಪುಣೆಯ ಛಾಪಖಾನೆಗಳು ಕೇಳಿದಾಗ ಮಾರುತ್ತಿದ್ದರು. ನಾವು ಒಯ್ದ ಗಾಜಿನ ಪ್ಲೇಟುಗಳನ್ನು ಆರಿಸುವವರು ರಾಘೋಪಂತರು. ಆರಿಸುವವರು ಎಂದೆನೇ? ತಿರಸ್ಕರಿಸುವವರು ಎನ್ನಬೇಕು. ಕಿಟಕಿಯ ಬೆಳಕು ಹರಡಿ ಚೌಕಟ್ಟನ್ನು ನುಂಗಿದೆ, ಮೂಲೆಯಲ್ಲಿ ಬರೀ ಕತ್ತಲು, ಪ್ಲೇಟಿನ ಮೇಲೆ ಧೂಳಿನ ಚುಕ್ಕೆ. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ.

ತಪ್ಪು ತೋರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಒಮ್ಮೆ ಕಂಬಗಳು ವಾಲಿದ್ದ ನನ್ನ ಪ್ಲೇಟನ್ನು ಹತ್ತು ಮಂದಿಯ ನಡುವೆ ಎತ್ತಿ ಹಿಡಿದು, "ಇವರು ಕುಡದು ತಗದಾರೋ, ಮನಿಯವರ ಕುಡದು ಕಟ್ಯಾರೋ?" ಎಂದು ಎಲ್ಲರನ್ನೂ ನಗಿಸಿದರು. ಅಂದೇ ಹಲ್ಲು ಕಡಿದು ಗಟ್ಟಿ ಮಾಡಿಕೊಂಡೆ. ಈತನ ಸ್ವಂತ ಮನೆಯನ್ನೇ ಒಂದು ಕುಂದಿಲ್ಲದಂತೆ ತೆಗೆದು ಮುಂದೆ ಒಗೆಯುತ್ತೇನೆ, ಅದರಲ್ಲಿ ಹುಳುಕು ತೆಗೆಯಲಿ ನೋಡೋಣ!

ಅವರ ಹಿರಿಯರ ವಾಡೆ ಮುರಗೋಡದಲ್ಲಿ. ಅಲ್ಲಿದ್ದವರು ಅವರ ವೈನಿ, ಅಂದರೆ ಸತ್ತ ಅಣ್ಣನ ಹೆಂಡತಿ ಅಂಬಕ್ಕ ಒಬ್ಬರೇ. ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದೆ. ಮೈದುನನ ಹೆಸರು ಕಿವಿಗೆ ಬೀಳುತ್ತಲೇ ಅವರ ಮುಖ ಗಂಟಾಯಿತು.

"ಅವ ಕಳಿಸ್ಯಾನೇನು? ಯುಗಾದಿ ಆಗೂತನಕಾ ಇರತೇನಿ ಅಂತ ಹೇಳೇನಲ್ಲ. ಈಗಲೇ ಹೊರಗ ದಬ್ಬಲಿಕ್ಕೆ ಬಂದ್ರೇನು?"

ರಾಘೋಪಂತರು ಮನೆಯನ್ನು ತಮ್ಮೊಬ್ಬರ ಹೆಸರಿಗೆ ಮಾಡಿಕೊಂಡು ಅವರನ್ನು ಬೀದಿಗೆ ಹಾಕಲು ಹೊರಟಿದ್ದರು. ಹೋಗೋಣವೆಂದರೆ ಅಂಬಕ್ಕನಿಗೆ ತವರಿನಲ್ಲೂ ಯಾರೂ ಉಳಿದಿರಲಿಲ್ಲ. ನಾನು ಬಂದ ಕಾರಣವನ್ನು ಬಿಚ್ಚಿ ಹೇಳಿದೆ. ಕೇಳಿ ಮೊದಲ ಸಲ ನಕ್ಕರು.

"ತಗೀರಿ. ಛಂದಾಗಿ ತಗೀರಿ. ಅವನ ಕಣ್ಣಿಗೆ ಕುಕ್ಕಬೇಕು."

ಪಡಸಾಲೆಯ ನಡುವೆ ಸಾಗವಾನಿ ಹಲಗೆಯ ಜೋಕಾಲಿ, ಅದಕ್ಕೆ ಹಿತ್ತಾಳೆಯ ಸರಪಳಿ. ಗಂಡ ಹೋದ ಮೇಲೆ ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಆದರೂ ಅಂಬಕ್ಕ ದಿನಾ ಅದನ್ನು ಒರೆಸಿ, ಗಂಡನ ಊಟದ ಹೊತ್ತು ಮುಗಿಯುವಾಗ ಅಲ್ಲಿ ಎಲೆ ಅಡಿಕೆಯ ತಟ್ಟೆ ಇಡುತ್ತಿದ್ದರು. ಒಳಮನೆಯ ಮಂದ ಬೆಳಕಿನಲ್ಲಿ ಲೆನ್ಸನ್ನು ಬಹಳ ಹೊತ್ತು ತೆರೆದಿಡಬೇಕು, ಅಷ್ಟರಲ್ಲಿ ಜೋಕಾಲಿ ತುಸು ಅಲುಗಿದರೂ ಪ್ಲೇಟು ಕೆಟ್ಟಂತೆ. ನಾನು ತಟ್ಟೆಯನ್ನು ಎತ್ತಿಟ್ಟು, ಹಲಗೆಯನ್ನು ಹಿಂದಿನ ಕಂಬಗಳಿಗೆ ಕರಿ ದಾರದಿಂದ ಬಿಗಿದೆ. "ಅವರ ಜೋಕಾಲಿ ಕಟ್ಟಬ್ಯಾಡ್ರಿ. ಈ ಮನ್ಯಾಗ ಅದನ್ನ ಯಾರೂ ಕಟ್ಟಿಲ್ಲ," ಎಂದರು ಅಂಬಕ್ಕ. ನಾನು ಕೇಳಲಿಲ್ಲ. ನಡೆದಾಡಿದರೆ ಕ್ಯಾಮೆರಾ ಅದುರುತ್ತದೆಂದು ಅವರನ್ನು ಅಡಿಗೆಮನೆಗೆ ಕಳಿಸಿದೆ. ಕಿಟಕಿಗೆ ತೆಳ್ಳನೆಯ ಧೋತರ ಹೊದಿಸಿ, ತೂಗುಗುಂಡು ಹಿಡಿದು ಕ್ಯಾಮೆರಾ ನೆಟ್ಟಗೆ ನಿಲ್ಲಿಸಿದೆ. ಲೆನ್ಸು ತೆರೆದಿದ್ದಷ್ಟು ಹೊತ್ತೂ ಜೋಕಾಲಿಯಿಂದ ಕಣ್ಣು ಕೀಳಲಿಲ್ಲ. ಅದು ಅಲುಗಲಿಲ್ಲ. ಮುಗಿದ ಮೇಲೆ ನೋಡಿದರೆ ದಾರವೂ ಬಿಗಿದಂತೆಯೇ ಇತ್ತು.

ತೊಳೆದು ಒಣಗಿಸಿದ ಪ್ಲೇಟನ್ನು ಬೆಳಕಿಗೆ ಹಿಡಿದಾಗ ನಾನು ಕುಣಿಯುವುದೊಂದು ಬಾಕಿ. ಕಂಬಗಳು ನೆಟ್ಟಗೆ, ಕಿಟಕಿಯ ಸರಳುಗಳು ಬಿಡಿಬಿಡಿ, ಸರಪಳಿಯ ಕೊಂಡಿ ಒಂದೊಂದೂ ಸ್ಪಷ್ಟ. ಹೆಂಡತಿಯನ್ನು ಕರೆದು ತೋರಿಸಿದೆ. ಆಕೆಗೂ ಹಾಗೇ ಕಂಡಿತು.

ಬೆಳಗಾವಿಯಲ್ಲಿ ರಾಘೋಪಂತರು ಭೂತಗನ್ನಡಿಯನ್ನು ಪ್ಲೇಟಿನ ಮೇಲೆ ಮೆಲ್ಲಗೆ ಆಡಿಸಿದರು. ತಮ್ಮ ಮನೆಯೆಂದು ಗುರುತು ಹತ್ತಿ ಹುಬ್ಬು ಗಂಟಿಕ್ಕಿದರೂ ಕಂಬದ ಬಗ್ಗೆ ಮಾತಿಲ್ಲ, ಕಿಟಕಿಯ ಬಗ್ಗೆ ಮಾತಿಲ್ಲ. ನನ್ನ ಎದೆ ಹಿಗ್ಗುತ್ತಿತ್ತು. ಅಷ್ಟರಲ್ಲಿ ಅವರ ಕೈ ನಿಂತಿತು.

"ಜೋಕಾಲಿ ಅಲ್ಲಾಡ್ಯದ. ನಡಿಯೂದಿಲ್ಲ."

"ಸುಳ್ಳು!" ಎಂದು ಪ್ಲೇಟು ಕಸಿದುಕೊಂಡೆ. ಸುಳ್ಳಲ್ಲ. ಯಾರೋ ಕೂತು ತೂಗಿಕೊಂಡಂತೆ ಹಲಗೆ ಅತ್ತಿತ್ತ ಮಸುಕಾಗಿತ್ತು, ಸರಪಳಿ ಕೆಳಗೆ ಬರುಬರುತ್ತ ಕರಗಿ ಹೋಗಿತ್ತು. ಉಳಿದದ್ದೆಲ್ಲ ಮನೆಯಲ್ಲಿ ನೋಡಿದಂತೆಯೇ ಇತ್ತು. ರಾಘೋಪಂತರು ಪ್ಲೇಟನ್ನು ಮರಳಿ ತೆಗೆದುಕೊಂಡು ಮತ್ತೆ ಭೂತಗನ್ನಡಿ ಹಿಡಿದರು. ನನಗೆ ಕಂಡದ್ದು ಬರೀ ಮಸುಕು. ಅವರಿಗೆ ಏನು ಕಂಡಿತೋ, ತುಟಿ ಬಿಳಿಚಿಕೊಂಡಿತು. "ಅಣ್ಣಾ, ವೈನಿನ್ನ ನಾ ಇನ್ನೂ ಹೊರಗ ಹಾಕಿಲ್ಲೋ," ಎಂದರು. ಅದು ನನಗೆ ಹೇಳಿದ ಮಾತಲ್ಲ. ಪ್ಲೇಟು ಅವರ ಕೈಜಾರಿ ಚೂರಾಯಿತು.

ಯುಗಾದಿ ಬಂದು ಹೋಯಿತು. ಅಂಬಕ್ಕನನ್ನು ಯಾರೂ ಕದಲಿಸಲಿಲ್ಲ. ರಾಘೋಪಂತರು ಬದುಕಿರುವವರೆಗೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲವಂತೆ. ನಾನು ಮುರಗೋಡಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದಾಗ ಅಂಬಕ್ಕನಿಗೆ ಅಚ್ಚರಿಯೇ ಆಗಲಿಲ್ಲ.

"ನನಗ ಒಳಗ ನಡೀರಿ ಅಂದ್ರಿ, ನಾ ಹೋದೆ," ಎಂದರು. "ಅವರಿಗೆ ಏಳ್ರಿ ಅಂತ ನೀವು ಹೇಳಲಿಲ್ಲಲ್ಲ."

ಗಾಜಿಗೆ ಬಳಿದ ಔಷಧ ಕೆಟ್ಟಿತ್ತೆನ್ನೋಣವೇ? ಹಾಗಾದರೆ ಜೋಕಾಲಿಯೊಂದೇ ಏಕೆ ಕೆಡಬೇಕು? ಕಣ್ಣಿನ ಭ್ರಮೆ ಎನ್ನೋಣವೇ? ಹಾಗಾದರೆ ಯಾವಾಗಿನದು, ಮನೆಯಲ್ಲಿ ಕಂಡದ್ದೋ ಬೆಳಗಾವಿಯಲ್ಲಿ ಕಂಡದ್ದೋ? ನನಗೆ ತಿಳಿದಿಲ್ಲ. ಅಂಬಕ್ಕನ ಮನೆ ಉಳಿಯಿತು, ಸಂತೋಷ. ಆದರೆ ಆ ಮನುಷ್ಯನ ಸೊಕ್ಕು ಮುರಿಯಲು ಹೋದವನು ನಾನು, ಮುರಿದವರು ಬೇರೆ ಯಾರೋ. ನನ್ನ ಪ್ಲೇಟು ಅವತ್ತೂ ನಾಪಾಸು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.